ವಿದ್ಯಾರ್ಥಿ ಲೈಸೆನ್ಸ್‌ನಲ್ಲಿ ಕಂಪನಿ ಕೆಲಸ ಮಾಡಬಹುದಾ?

2025ರಲ್ಲಿ ಎಐ ಕಂಪನಿಗಳೆಲ್ಲ ವಿದ್ಯಾರ್ಥಿಗಳ ಬೆನ್ನು ಹತ್ತಿದವು. ಕೋಡ್ ಬರೆಯಲು ನೆರವಾಗುವ ಕರ್ಸರ್ ಅನ್ನುವ ಎಐ ಉಪಕರಣ ಒಂದು ವರ್ಷದ ಪ್ರೊ ಯೋಜನೆಯನ್ನು ವಿದ್ಯಾರ್ಥಿಗಳಿಗೆ ಪುಕ್ಕಟೆ ಕೊಟ್ಟಿತು. ಗೂಗಲ್ ತನ್ನ ಎಐ ಪ್ರೊ ಯೋಜನೆಯನ್ನು ಹಲವು ದೇಶಗಳ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ವರ್ಷ ಬಿಟ್ಟುಕೊಟ್ಟಿತು. ಓಪನ್‌ಎಐ ಅಮೆರಿಕ ಮತ್ತು ಕೆನಡಾದ ಕಾಲೇಜು ವಿದ್ಯಾರ್ಥಿಗಳಿಗೆ ಆ ವರ್ಷದ ಮೇ ಮುಗಿಯುವ ತನಕ ಚಾಟ್‌ಜಿಪಿಟಿ ಪ್ಲಸ್ ಹಂಚಿತು. ಇದಕ್ಕೆ ಸ್ವಲ್ಪ ಮೊದಲು, 2024ರ ಅಕ್ಟೋಬರ್‌ನಲ್ಲಿ, ಜೆಟ್‌ಬ್ರೇನ್ಸ್ ಕಂಪನಿ ಕೋಡ್ ಬರೆಯುವ ತನ್ನ ವೆಬ್‌ಸ್ಟಾರ್ಮ್ ಮತ್ತು ರೈಡರ್ ಉಪಕರಣಗಳು ಇನ್ನು ಮುಂದೆ 'ವಾಣಿಜ್ಯೇತರ ಬಳಕೆಗೆ ಉಚಿತ' ಅಂತ ಘೋಷಿಸಿತ್ತು.

ಈ ಸುದ್ದಿಗಳನ್ನು ಓದಿದವರಲ್ಲಿ ಖುಷಿಗಿಂತ ಗೊಂದಲ ಜಾಸ್ತಿ. ಓದುತ್ತಲೇ ಸಣ್ಣಪುಟ್ಟ ಫ್ರೀಲಾನ್ಸ್ ಕೆಲಸ ಹಿಡಿದವರಿದ್ದಾರೆ. ನಾಲ್ಕು ಜನ ಸಹಪಾಠಿಗಳು ಸೇರಿ ಸ್ಟಾರ್ಟಪ್ ಶುರು ಮಾಡಿದವರಿದ್ದಾರೆ. ಆಫೀಸಿನಲ್ಲಿ ಒಬ್ಬ ಉದ್ಯೋಗಿ ಸಂಜೆ ಕೋರ್ಸಿಗೆ ಸೇರಿಕೊಂಡು ಕಾಲೇಜಿನ ಇಮೇಲ್ ವಿಳಾಸ ಪಡೆದಿದ್ದಾನೆ, ಅವನ ಹೆಸರಲ್ಲಿ ಅಗ್ಗಕ್ಕೆ ಸಿಗುವ ಸಾಫ್ಟ್‌ವೇರನ್ನೇ ಆಫೀಸಿಗೂ ಬಳಸಿದರೆ ಏನು ತಪ್ಪು ಅಂತ ಕೇಳುವ ಮಾಲೀಕರಂತೂ ಬೇಕಾದಷ್ಟು ಜನ.

ಕಂಪನಿಯೊಂದು ತನ್ನ ಕೆಲಸಕ್ಕೆ ಅಂತ ಶಿಕ್ಷಣ ರಿಯಾಯಿತಿಯ ಲೈಸೆನ್ಸ್ ಕೊಳ್ಳುವ ಹಾಗಿಲ್ಲ. ಇದರಲ್ಲಿ ಹೆಚ್ಚು ಅನುಮಾನ ಬೇಡ. ಆದರೆ ನಿಜವಾದ ವಿದ್ಯಾರ್ಥಿಯೊಬ್ಬ ತನ್ನ ಹೆಸರಿನ ಕಾಪಿಯಲ್ಲಿ ದುಡಿದು ಸಂಪಾದಿಸಬಹುದಾ ಅನ್ನುವುದಕ್ಕೆ ಒಂದೊಂದು ಸಾಫ್ಟ್‌ವೇರ್ ಒಂದೊಂದು ಉತ್ತರ ಕೊಡುತ್ತದೆ. ಇವೆರಡೂ ಒಂದೇ ಪ್ರಶ್ನೆ ಅಂದುಕೊಂಡಾಗ ತಲೆಬಿಸಿ ಶುರುವಾಗುತ್ತದೆ.

ಒಂದು ಬಾಗಿಲು, ಎರಡು ಬೀಗ

ರಿಯಾಯಿತಿ ಲೈಸೆನ್ಸಿಗೆ ಎರಡು ಬೀಗ ಇರುತ್ತವೆ. ಮೊದಲನೆಯದು 'ಯಾರು' ಅನ್ನುವುದು. ಕೊಳ್ಳುವವರು ವಿದ್ಯಾರ್ಥಿಯೋ, ಶಿಕ್ಷಕರೋ, ಮಾನ್ಯತೆ ಪಡೆದ ಸಂಸ್ಥೆಯೋ? ಎರಡನೆಯದು 'ಯಾತಕ್ಕೆ' ಅನ್ನುವುದು. ಕಲಿಯಲಿಕ್ಕೋ, ಹವ್ಯಾಸಕ್ಕೋ, ದುಡ್ಡಿನ ಕೆಲಸಕ್ಕೋ? ಸಾಮಾನ್ಯವಾಗಿ ಜನ ಮೊದಲನೆಯದನ್ನು ಮಾತ್ರ ನೋಡುತ್ತಾರೆ. ಗುರುತಿನ ಚೀಟಿ ತೋರಿಸಿದೆ, ಒಪ್ಪಿಕೊಂಡರು, ಇನ್ನು ಏನು ಬೇಕಾದರೂ ಮಾಡಬಹುದು ಅಂತ. ಎರಡನೆಯ ಬೀಗ ಷರತ್ತುಗಳ ಪುಟದಲ್ಲಿ ಎಲ್ಲೋ ನಡುವೆ ಕೂತಿರುತ್ತದೆ, ಅದನ್ನು ಓದುವವರು ಕಡಿಮೆ.

ನಕ್ಷೆ ಮತ್ತು ತ್ರೀಡಿ ಸಾಫ್ಟ್‌ವೇರ್ ಮಾಡುವ ಆಟೋಡೆಸ್ಕ್ ಕಂಪನಿಯನ್ನೇ ತಗೊಳ್ಳಿ. ಆಟೋಕ್ಯಾಡ್, ರೆವಿಟ್, ಮಾಯಾ ಎಲ್ಲ ವಿದ್ಯಾರ್ಥಿಗಳಿಗೆ ಉಚಿತ. ಆದರೆ ಎರಡು ಬೀಗವೂ ಬಿಗಿ. ಅರ್ಹತೆ ತೋರಿಸಬೇಕು, ಜೊತೆಗೆ ಬಳಕೆ ಕಲಿಕೆಗೆ ಮಾತ್ರ ಇರಬೇಕು. ವಾಣಿಜ್ಯ, ವೃತ್ತಿ, ಲಾಭದ ಉದ್ದೇಶ ಯಾವುದೂ ನಡೆಯುವುದಿಲ್ಲ. ಜೆಟ್‌ಬ್ರೇನ್ಸ್‌ನ ವಿದ್ಯಾರ್ಥಿ ಲೈಸೆನ್ಸ್ ಕೂಡ ಹೀಗೆಯೇ.

ರೈನೋ ಅನ್ನುವ ತ್ರೀಡಿ ಸಾಫ್ಟ್‌ವೇರ್ ಇದಕ್ಕೆ ಉಲ್ಟಾ. ಅದನ್ನು ಮಾಡುವ ಮ್ಯಾಕ್‌ನೀಲ್ ಕಂಪನಿ ವಿದ್ಯಾರ್ಥಿಗೆ ರಿಯಾಯಿತಿಯಲ್ಲಿ ಮಾರುವುದು ಪೂರ್ತಿ ಆವೃತ್ತಿಯನ್ನೇ. ವಿದ್ಯಾರ್ಥಿ ಅದರಲ್ಲಿ ದುಡ್ಡಿನ ಕೆಲಸ ಮಾಡಬಹುದು, ಓದು ಮುಗಿದ ಮೇಲೂ ಅದೇ ಕಾಪಿ ಇಟ್ಟುಕೊಳ್ಳಬಹುದು. ಫೋಟೋಶಾಪ್ ಮಾಡುವ ಅಡೋಬ್ ಕೂಡ ತನ್ನ ವಿದ್ಯಾರ್ಥಿ ಮತ್ತು ಶಿಕ್ಷಕರ ಆವೃತ್ತಿಯನ್ನು ವಾಣಿಜ್ಯ ಕೆಲಸಕ್ಕೆ ಬಳಸಬಹುದು ಅಂತ ತನ್ನ ಪ್ರಶ್ನೋತ್ತರ ಪುಟದಲ್ಲಿ ಹೇಳುತ್ತಾ ಬಂದಿದೆ. ಇಲ್ಲಿ ಮೊದಲ ಬೀಗ ಹಾಕಿದೆ, ಎರಡನೆಯದು ತೆರೆದಿದೆ. ಅಂದರೆ ಫೋಟೋಶಾಪ್‌ನಲ್ಲಿ ಪೋಸ್ಟರ್ ಮಾಡಿ ಮಾರಿದ ವಿದ್ಯಾರ್ಥಿ ಷರತ್ತು ಮುರಿದಿಲ್ಲ, ಅದೇ ಪೋಸ್ಟರಿಗೆ ತ್ರೀಡಿ ಅಕ್ಷರವನ್ನು ಮಾಯಾದಲ್ಲಿ ಮಾಡಿಕೊಂಡಿದ್ದರೆ ಮುರಿದಿದ್ದಾನೆ.

ಮೊದಲ ಬೀಗ ತೆರೆದು ಎರಡನೆಯದನ್ನು ಹಾಕಿದ ಉದಾಹರಣೆಯೂ ಇದೆ. ಜನರನ್ನು ಅತಿ ಹೆಚ್ಚು ದಾರಿ ತಪ್ಪಿಸಿದ್ದು ಬಹುಶಃ ಅದೇ. ಮೈಕ್ರೋಸಾಫ್ಟ್‌ನ ಆಫೀಸ್ ಹೋಮ್ ಆಂಡ್ ಸ್ಟೂಡೆಂಟ್. ಹೆಸರಿನಲ್ಲಿ 'ಸ್ಟೂಡೆಂಟ್' ಇದ್ದರೂ 2007ರ ಆವೃತ್ತಿಯನ್ನು ಕೊಳ್ಳಲು ಯಾರೂ ವಿದ್ಯಾರ್ಥಿ ಆಗಿರಬೇಕಿರಲಿಲ್ಲ, ಮನೆಯಲ್ಲಿ ಬಳಸುವ ಯಾರು ಬೇಕಾದರೂ ಕೊಳ್ಳಬಹುದಿತ್ತು. ಆದರೆ ದುಡ್ಡಿನ ಕೆಲಸಕ್ಕೆ ಬಳಸುವಂತಿರಲಿಲ್ಲ. ಮರೆಯದಿರಲಿ ಅಂತ ಕಿಟಕಿಯ ತಲೆಪಟ್ಟಿಯಲ್ಲೇ 'ವಾಣಿಜ್ಯೇತರ ಬಳಕೆ' ಅಂತ ಸದಾ ಕಾಣಿಸುತ್ತಿತ್ತು. 2012ರಲ್ಲಿ ಬಂದ ಸರ್ಫೇಸ್ ಆರ್‌ಟಿ ಟ್ಯಾಬ್ಲೆಟ್ ಜೊತೆ ಇದೇ ಬಗೆಯ ಆಫೀಸ್ ಕೂಡಿಸಿಯೇ ಕೊಟ್ಟಾಗ ಗೊಂದಲ ಇನ್ನೂ ಹೆಚ್ಚಿತು. ಟ್ಯಾಬ್ಲೆಟನ್ನು ಆಫೀಸಿಗೆ ಒಯ್ದು ವರ್ಡ್ ತೆರೆದು ಕೆಲಸ ಮಾಡಬೇಕಾದರೆ ಬೇರೆ ವಾಣಿಜ್ಯ ಲೈಸೆನ್ಸ್ ಇರಬೇಕಿತ್ತು. ದುಡ್ಡು ಕೊಟ್ಟು ಕೊಂಡ ಯಂತ್ರ, ಅದರಲ್ಲೇ ಬಂದ ಸಾಫ್ಟ್‌ವೇರ್, ಆದರೂ ಕೆಲಸಕ್ಕೆ ಬಳಸಬೇಡಿ ಅಂದರೆ ಯಾರಿಗೆ ಹೊಳೆಯಬೇಕು ಹೇಳಿ?

ಒಂದೇ ಸರಕು, ಎರಡು ಬೆಲೆ

ಅದೇ ಕೋಡ್, ಅದೇ ಗುಂಡಿಗಳು. ಒಬ್ಬರಿಗೆ ಉಚಿತ, ಇನ್ನೊಬ್ಬರಿಗೆ ದುಬಾರಿ. ಇದು ಮೋಸ ಅಲ್ವಾ ಅಂತ ಅನಿಸುವುದು ಸಹಜ.

ಸಾಫ್ಟ್‌ವೇರಿನ ಲೆಕ್ಕ ಬೇರೆ ಸರಕಿನ ಲೆಕ್ಕದ ಹಾಗಲ್ಲ. ಮೊದಲ ಕಾಪಿ ಮಾಡಲು ಕೋಟಿಗಟ್ಟಲೆ ಸುರಿಯಬೇಕು, ಎರಡನೆಯ ಕಾಪಿಗೆ ಹೆಚ್ಚುಕಡಿಮೆ ಏನೂ ಖರ್ಚಿಲ್ಲ. ಹಾಗಾಗಿ ಬೆಲೆ ನಿಂತಿರುವುದು ಕಾಪಿಯ ಖರ್ಚಿನ ಮೇಲಲ್ಲ, ಕೊಳ್ಳುವವರ ತಾಕತ್ತಿನ ಮೇಲೆ. ಕಂಪನಿಗೆ ಅದರಿಂದ ಆದಾಯ ಬರುತ್ತದೆ, ಆದ್ದರಿಂದ ಅದು ಹೆಚ್ಚು ಕೊಡಬಲ್ಲದು. ವಿದ್ಯಾರ್ಥಿ ಕೊಡಲಾರ. ಪೂರ್ತಿ ಬೆಲೆ ಕೇಳಿದರೆ ಅವನು ಕೊಳ್ಳುವುದೇ ಇಲ್ಲ, ಕದ್ದ ಕಾಪಿ ಹುಡುಕುತ್ತಾನೆ, ಇಲ್ಲವೇ ಪ್ರತಿಸ್ಪರ್ಧಿಯ ಸಾಫ್ಟ್‌ವೇರ್ ಕಲಿಯುತ್ತಾನೆ. ಮಾರುವವನಿಗೆ ಇದರಲ್ಲಿ ಇನ್ನೊಂದು ಲಾಭವೂ ಇದೆ. ನಾಲ್ಕು ವರ್ಷ ಒಂದೇ ಉಪಕರಣದಲ್ಲಿ ಕೈ ಪಳಗಿದವರು ಕೆಲಸಕ್ಕೆ ಸೇರಿದ ಮೇಲೆ ಅದನ್ನೇ ಕೇಳುತ್ತಾರೆ. ಇವತ್ತಿನ ರಿಯಾಯಿತಿ ನಾಳೆಯ ಬಿತ್ತನೆ. ಎಐ ಕಂಪನಿಗಳ ಔದಾರ್ಯದ ಹಿಂದೆಯೂ ಇದೇ ಲೆಕ್ಕ ಇದೆ ಅಂದುಕೊಂಡರೆ ತಪ್ಪಾಗಲಾರದು.

ಈ ವಾದ ಕೋರ್ಟಿನಲ್ಲೂ ನಿಂತಿದೆ. ಪ್ರೊಸಿಡಿ ಅನ್ನುವ ಅಮೆರಿಕದ ಕಂಪನಿ ಮೂರು ಸಾವಿರಕ್ಕೂ ಹೆಚ್ಚು ಟೆಲಿಫೋನ್ ಡೈರೆಕ್ಟರಿಗಳನ್ನು ಸೇರಿಸಿ ಸಿಡಿಯಲ್ಲಿ ಮಾರುತ್ತಿತ್ತು. ಅದನ್ನು ಕಟ್ಟಲು ಒಂದು ಕೋಟಿ ಡಾಲರಿಗಿಂತ ಹೆಚ್ಚು ಖರ್ಚಾಗಿತ್ತು. ಮನೆ ಬಳಕೆಯವರಿಗೆ ಬೆಲೆ ಸುಮಾರು 150 ಡಾಲರ್, ವ್ಯಾಪಾರಿಗಳಿಗೆ ಅದಕ್ಕಿಂತ ಹೆಚ್ಚು. ಜೀಡನ್‌ಬರ್ಗ್ ಅನ್ನುವವರು ಮನೆ ಬಳಕೆಯ ಪ್ಯಾಕ್ ಕೊಂಡು, ಅದರೊಳಗಿನ ಮಾಹಿತಿಯನ್ನು ಇಂಟರ್ನೆಟ್ಟಿನಲ್ಲಿ ದುಡ್ಡಿಗೆ ಕೊಡಲು ಶುರು ಮಾಡಿದರು. ಕೆಳಗಿನ ಕೋರ್ಟು ಅವರ ಪರ ನಿಂತಿತು. ಆದರೆ 1996ರಲ್ಲಿ ಮೇಲ್ಮನವಿ ಕೋರ್ಟು ತೀರ್ಪು ತಿರುಗಿಸಿತು. ಡಬ್ಬಿಯೊಳಗಿನ ಷರತ್ತು ಇಷ್ಟವಿಲ್ಲದಿದ್ದರೆ ಸಿಡಿ ವಾಪಸ್ ಕೊಡಬಹುದಿತ್ತು, ಕೊಡದೆ ಬಳಸಿದ ಮೇಲೆ ಷರತ್ತು ಅನ್ವಯಿಸುತ್ತದೆ ಅಂದಿತು. ಅದಕ್ಕಿಂತ ಮುಖ್ಯವಾಗಿ ನ್ಯಾಯಾಧೀಶ ಈಸ್ಟರ್‌ಬ್ರೂಕ್ ಎರಡು ಬೆಲೆಯ ಲೆಕ್ಕವನ್ನೇ ಬಿಡಿಸಿಟ್ಟರು. ವ್ಯಾಪಾರಿಗಳೆಲ್ಲ ಅಗ್ಗದ ಪ್ಯಾಕಿಗೇ ಕೈ ಹಾಕಿದರೆ ಕಂಪನಿ ಅಗ್ಗದ ಪ್ಯಾಕನ್ನೇ ನಿಲ್ಲಿಸುತ್ತದೆ ಅಥವಾ ಅದರ ಬೆಲೆ ಏರಿಸುತ್ತದೆ. ಕೊನೆಗೆ ಪೆಟ್ಟು ಬೀಳುವುದು ಮನೆ ಬಳಕೆಯವರಿಗೆ.

ಕೊಂಡಿದ್ದಾ, ಬಾಡಿಗೆಗೆ ಪಡೆದಿದ್ದಾ?

ಇದರ ವಿರುದ್ಧ ದೊಡ್ಡ ವಾದ ಒಂದಿದೆ. ಪುಸ್ತಕ ಕೊಂಡರೆ ಅದು ನನ್ನದು. ಯಾರಿಗೆ ಬೇಕಾದರೂ ಮಾರುತ್ತೇನೆ, ಎಲ್ಲಿ ಬೇಕಾದರೂ ಓದುತ್ತೇನೆ. ಸಾಫ್ಟ್‌ವೇರಿಗೆ ಮಾತ್ರ ಯಾಕೆ ಬೇರೆ ನ್ಯಾಯ?

ಶಿಕ್ಷಣ ಆವೃತ್ತಿಯ ಮೇಲೆಯೇ ನೇರವಾಗಿ ಈ ಜಗಳ ನಡೆದಿದೆ. ಒನ್ ಸ್ಟಾಪ್ ಮೈಕ್ರೊ ಅನ್ನುವ ಮಾರಾಟಗಾರ ಅಡೋಬ್‌ನ ಶಿಕ್ಷಣ ಆವೃತ್ತಿಯ ಡಬ್ಬಿಗಳನ್ನು ಹಿಡಿದು, ಮೇಲಿನ ಚೀಟಿ ಕಿತ್ತು, ಓದಿಗೆ ಸಂಬಂಧವೇ ಇಲ್ಲದವರಿಗೆ ಮಾರುತ್ತಿದ್ದ. ಕೊಂಡ ಸರಕನ್ನು ಮರುಮಾರಾಟ ಮಾಡುವುದು ತನ್ನ ಹಕ್ಕು ಅಂತ ವಾದಿಸಿದ. 2000ದಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟು ಒಪ್ಪಲಿಲ್ಲ. ಅಡೋಬ್ ಮಾರಿದ್ದು ಕಾಪಿಯನ್ನಲ್ಲ, ಬಳಸುವ ಅನುಮತಿಯನ್ನು ಅಂದಿತು. 2010ರಲ್ಲಿ ವರ್ನರ್ ಪ್ರಕರಣದಲ್ಲೂ ಇದೇ ದಾರಿ. ವರ್ನರ್ ಆಟೋಕ್ಯಾಡ್‌ನ ಹಳೆಯ ಕಾಪಿಗಳನ್ನು ಕೊಂಡು ಇಬೇಯಲ್ಲಿ ಮಾರಿದ್ದರು. ಮೊದಲ ಗ್ರಾಹಕನೇ ಮಾಲೀಕನಲ್ಲ, ಬರೀ ಲೈಸೆನ್ಸ್‌ದಾರ, ಆದ್ದರಿಂದ ಅವನಿಂದ ಕೊಂಡವರಿಗೂ ಮಾರುವ ಹಕ್ಕಿಲ್ಲ ಅಂತ ಮೇಲ್ಮನವಿ ಕೋರ್ಟು ಹೇಳಿತು.

ಯುರೋಪು ಬೇರೆ ದಾರಿ ಹಿಡಿಯಿತು. ಜರ್ಮನಿಯ ಸರ್ವೋಚ್ಚ ಸಿವಿಲ್ ಕೋರ್ಟು 2000ದಲ್ಲೇ, ಹೊಸ ಕಂಪ್ಯೂಟರಿನ ಜೊತೆ ಮಾತ್ರ ಮಾರಬೇಕಾಗಿದ್ದ ಮೈಕ್ರೋಸಾಫ್ಟ್ ಕಾಪಿಯನ್ನು ಬಿಡಿಯಾಗಿ ಮಾರಿದ ವ್ಯಾಪಾರಿಯ ಪರ ನಿಂತಿತ್ತು. ಒಮ್ಮೆ ಸರಿಯಾಗಿ ಮಾರುಕಟ್ಟೆಗೆ ಬಿಟ್ಟ ಕಾಪಿಯ ಬಾಲ ಹಿಡಿದು ಕೊನೆಯವರೆಗೂ ಓಡುವಂತಿಲ್ಲ ಅನ್ನುವುದು ಅದರ ತಿರುಳು. 2012ರಲ್ಲಿ ಯುರೋಪಿಯನ್ ನ್ಯಾಯಾಲಯ ಯೂಸ್ಡ್‌ಸಾಫ್ಟ್ ಮತ್ತು ಒರಾಕಲ್ ಪ್ರಕರಣದಲ್ಲಿ ಇನ್ನೂ ಮುಂದೆ ಹೋಯಿತು. ಒಂದೇ ಬಾರಿ ದುಡ್ಡು ಕೊಟ್ಟು, ಕಾಲಮಿತಿ ಇಲ್ಲದೆ ಪಡೆದ ಲೈಸೆನ್ಸ್ ಮಾರಾಟಕ್ಕೆ ಸಮ, ಡೌನ್‌ಲೋಡ್ ಮಾಡಿಕೊಂಡ ಕಾಪಿಯನ್ನೂ ಮರುಮಾರಾಟ ಮಾಡಬಹುದು ಅಂದಿತು. ಆದರೆ ಮಾರುವವನು ತನ್ನ ಕಾಪಿ ಅಳಿಸಬೇಕು, ಹಲವರಿಗೆ ಸೇರಿ ಕೊಟ್ಟ ಲೈಸೆನ್ಸನ್ನು ತುಂಡು ಮಾಡಿ ಮಾರಬಾರದು.

ಹಾಗಾದರೆ ಯುರೋಪಿನ ಕಂಪನಿ ವಿದ್ಯಾರ್ಥಿ ಕಾಪಿಯನ್ನು ಬಳಸಬಹುದಾ? ಈ ತೀರ್ಪುಗಳು ಮುಖ್ಯವಾಗಿ ಮಾತಾಡಿದ್ದು ಕಾಪಿ ಕೈ ಬದಲಾಯಿಸುವ ಬಗ್ಗೆ, ಅದನ್ನು ಯಾತಕ್ಕೆ ಬಳಸಬಹುದು ಅನ್ನುವ ಬಗ್ಗೆ ಅಲ್ಲ. ಅಷ್ಟಕ್ಕೂ ಈಗ ಕಾಪಿ ಅನ್ನುವುದೇ ಉಳಿದಿಲ್ಲ. ಬಹುತೇಕ ಎಲ್ಲವೂ ತಿಂಗಳ ಅಥವಾ ವರ್ಷದ ಚಂದಾ, ಹೆಸರಿಗೆ ಕಟ್ಟಿದ ಖಾತೆ. ಕಾಲಮಿತಿ ಇದ್ದ ಕೂಡಲೇ 'ಕೊಂಡಿದ್ದೇನೆ' ಅನ್ನುವ ವಾದ ಸಡಿಲವಾಗುತ್ತದೆ. ಖಾತೆಯೊಳಗೆ ಕೂತ ಅನುಮತಿಯನ್ನು ಡಬ್ಬಿಯ ಹಾಗೆ ಇನ್ನೊಬ್ಬರ ಕೈಗೆ ದಾಟಿಸುವುದು ಹೇಗೆ? ಒಡೆತನದ ಆ ದೊಡ್ಡ ಜಗಳವನ್ನು ಕೋರ್ಟು ಮುಗಿಸುವ ಮೊದಲೇ ಚಂದಾ ಪದ್ಧತಿ ಮುಗಿಸಿಬಿಟ್ಟಿತು.

ವ್ಯಾಪಾರಿಗಳ ದೂರಿನಲ್ಲಿ ಹುರುಳಿದೆಯಾ?

ವಾಣಿಜ್ಯ ಬೆಲೆ ತೀರಾ ಜಾಸ್ತಿ ಅನ್ನುವ ಅವರ ದೂರಿನಲ್ಲಿ ಅರ್ಧ ಹುರುಳಿದೆ. ಒಬ್ಬಂಟಿಯಾಗಿ ಕೆಲಸ ಮಾಡುವ ಡಿಸೈನರ್‌ಗೂ ಸಾವಿರ ಜನರ ಸಂಸ್ಥೆಗೂ ಒಂದೇ 'ವಾಣಿಜ್ಯ' ಬೆಲೆ ಹಾಕಿದರೆ ತಾಕತ್ತಿಗೆ ತಕ್ಕ ಬೆಲೆ ಅನ್ನುವ ಮಾತು ಅಲ್ಲಿಗೆ ಸುಳ್ಳಾಯಿತು. ನಿನ್ನೆ ವಿದ್ಯಾರ್ಥಿಯಾಗಿದ್ದಾಗ ಉಚಿತ, ಇವತ್ತು ಸರ್ಟಿಫಿಕೇಟ್ ಕೈಗೆ ಬಂದ ಕೂಡಲೇ ಪೂರ್ತಿ ಬೆಲೆ. ಅವನ ಆದಾಯ ಮಾತ್ರ ರಾತ್ರೋರಾತ್ರಿ ಏರಿಲ್ಲ. ಅಭ್ಯಾಸ ಹಿಡಿಸಿದವರೇ ಈಗ ಬಿಲ್ಲು ಕೊಡುತ್ತಿದ್ದಾರೆ ಅಂತ ಸಿಟ್ಟು ಬಂದರೆ ತಪ್ಪಲ್ಲ.

ಆ ಸಿಟ್ಟಿಗೆ ಸಾಫ್ಟ್‌ವೇರ್ ಕಂಪನಿಗಳು ಒಂದು ಮಟ್ಟಿಗೆ ಉತ್ತರ ಕೊಟ್ಟಿವೆ. 'ಯಾರು' ಅಂತ ಕೇಳುವ ಬದಲು 'ಎಷ್ಟು ದುಡಿಯುತ್ತೀರಿ' ಅಂತ ಕೇಳುವ ಲೈಸೆನ್ಸ್‌ಗಳು ಬಂದಿವೆ. ಕೋಡ್ ಬರೆಯಲು ಬಳಸುವ ಮೈಕ್ರೋಸಾಫ್ಟ್‌ನ ವಿಷುಯಲ್ ಸ್ಟುಡಿಯೊ ಕಮ್ಯುನಿಟಿಯನ್ನು ಸಣ್ಣ ಸಂಸ್ಥೆಯಲ್ಲಿ ಐದು ಜನರವರೆಗೆ ಉಚಿತವಾಗಿ, ದುಡ್ಡಿನ ಕೆಲಸಕ್ಕೂ ಬಳಸಬಹುದು. ಆದರೆ 250ಕ್ಕಿಂತ ಹೆಚ್ಚು ಕಂಪ್ಯೂಟರು ಅಥವಾ ವರ್ಷಕ್ಕೆ 10 ಲಕ್ಷ ಡಾಲರಿಗಿಂತ ಹೆಚ್ಚು ಆದಾಯ ಇರುವ ಸಂಸ್ಥೆಗೆ ಆ ಅವಕಾಶ ಇಲ್ಲ. ಪ್ರೋಗ್ರಾಮರ್‌ಗಳು ಬಳಸುವ ಡಾಕರ್ ಡೆಸ್ಕ್‌ಟಾಪ್ 2021ರಲ್ಲಿ ನಿಯಮ ಬದಲಿಸಿದಾಗ 250ಕ್ಕಿಂತ ಕಡಿಮೆ ಉದ್ಯೋಗಿಗಳೂ ಒಂದು ಕೋಟಿ ಡಾಲರಿಗಿಂತ ಕಡಿಮೆ ಆದಾಯವೂ ಇರುವವರಿಗೆ ಉಚಿತವಾಗಿಯೇ ಉಳಿಸಿತು. ಆಟದ ಎಂಜಿನ್ ಯೂನಿಟಿಯ ಪರ್ಸನಲ್ ಯೋಜನೆಗೆ ಆದಾಯದ ಮಿತಿ ಎರಡು ಲಕ್ಷ ಡಾಲರ್. ತ್ರೀಡಿ ಸಾಫ್ಟ್‌ವೇರ್ ಹೂಡಿನಿಯ ಇಂಡಿ ಯೋಜನೆಗೆ ಒಂದು ಲಕ್ಷ. ಆಟೋಡೆಸ್ಕ್‌ನ ವಿನ್ಯಾಸ ಸಾಫ್ಟ್‌ವೇರ್ ಫ್ಯೂಷನ್‌ನ ವೈಯಕ್ತಿಕ ಬಳಕೆಗೆ ಬರೀ ಒಂದು ಸಾವಿರ ಡಾಲರ್. ಇದು ಹವ್ಯಾಸಿಗೆ ಸಾಕು, ಹೊಟ್ಟೆಪಾಡಿಗೆ ಸಾಲದು.

ನನ್ನ ಲೆಕ್ಕದಲ್ಲಿ ಈ ಪದ್ಧತಿ ಗುರುತಿನ ಚೀಟಿಯ ಪದ್ಧತಿಗಿಂತ ನ್ಯಾಯವಾದದ್ದು. ಶ್ರೀಮಂತ ವಿದ್ಯಾರ್ಥಿಗೂ ಬಡ ಕುಶಲಕರ್ಮಿಗೂ ನಡುವೆ ಗೆರೆ ಎಳೆಯಲು ಕಾಲೇಜಿನ ಇಮೇಲ್ ಏನೂ ಒಳ್ಳೆಯ ಅಳತೆಗೋಲಲ್ಲ. ಹಾಗಂತ ಬೆಲೆ ಜಾಸ್ತಿ ಇದೆ ಅನ್ನುವ ದೂರಿನಿಂದ 'ನಾನೂ ವಿದ್ಯಾರ್ಥಿ' ಅಂತ ಸುಳ್ಳು ಹೇಳುವ ಹಕ್ಕು ಹುಟ್ಟುವುದಿಲ್ಲ. ಅದರಲ್ಲೂ ಅದೇ ಕಂಪನಿ ಸಣ್ಣವರಿಗೆ ಅಂತ ಬೇರೆ ಯೋಜನೆ ಇಟ್ಟಿರುವಾಗ.

ವಾಣಿಜ್ಯ ಅಂದರೆ ಎಲ್ಲಿಂದ ಎಲ್ಲಿಯವರೆಗೆ?

ಈ ವಿಷಯದಲ್ಲಿ ಕಷ್ಟದ ಜಾಗ ಇದೇ. ಕಂಪನಿ ಹೆಸರಲ್ಲಿ ಬಿಲ್ ಹಾಕಿದರೆ ವಾಣಿಜ್ಯ, ಪರೀಕ್ಷೆಗೆ ಅಭ್ಯಾಸ ಮಾಡಿದರೆ ಕಲಿಕೆ. ನಡುವಿನದ್ದು?

ಮೊದಲು ಇಂಟರ್ನ್‌ಶಿಪ್. ಇದೂ ಓದಿನ ಭಾಗ, ಅಂಕ ಕೂಡ ಬರುತ್ತದೆ, ಹಾಗಾಗಿ ವಿದ್ಯಾರ್ಥಿ ಲೈಸೆನ್ಸ್ ನಡೆಯುತ್ತದೆ ಅಂತ ಇಂಟರ್ನ್ ಅಂದುಕೊಳ್ಳುತ್ತಾನೆ. ಆದರೆ ಅವನು ಬಿಡಿಸಿದ ನಕ್ಷೆ ಹೋಗುವುದು ಕಂಪನಿಯ ಗ್ರಾಹಕನಿಗೆ. ಲಾಭ ಯಾರ ಜೇಬಿಗೆ ಅಂತ ಕೇಳಿದರೆ ಉತ್ತರ ಸಿಗುತ್ತದೆ. ಆಟೋಡೆಸ್ಕ್ ತರಹದ ಷರತ್ತಿನ ಕೆಳಗೆ ಇದು ನಡೆಯುವುದಿಲ್ಲ, ಕಂಪನಿಯೇ ತನ್ನ ವಾಣಿಜ್ಯ ಲೈಸೆನ್ಸ್‌ನಲ್ಲಿ ಅವನಿಗೆ ಒಂದು ಸೀಟ್ ಕೊಡಬೇಕು. ಇಂಟರ್ನ್‌ಗೆ ಸಂಬಳ ಇದೆಯೋ ಇಲ್ಲವೋ ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಪುಕ್ಕಟೆ ದುಡಿಸಿಕೊಂಡರೂ ಕೆಲಸ ಕಂಪನಿಯದ್ದೇ.

ಪ್ರಾಧ್ಯಾಪಕರ ಸ್ಥಿತಿ ಇನ್ನೂ ಸೂಕ್ಷ್ಮ. ಬೆಳಿಗ್ಗೆ ಪಾಠ, ಸಂಜೆ ಉದ್ಯಮಕ್ಕೆ ಸಲಹೆ. ಪ್ರಯೋಗಾಲಯದ ಕಂಪ್ಯೂಟರು ಒಂದೇ, ಅದರಲ್ಲಿರುವ ಸಿಮ್ಯುಲೇಶನ್ ಸಾಫ್ಟ್‌ವೇರೂ ಒಂದೇ. ಪಾಠ ಮತ್ತು ಪ್ರಕಟಿಸುವ ಸಂಶೋಧನೆ ಶೈಕ್ಷಣಿಕ ಲೈಸೆನ್ಸ್‌ನ ಒಳಗೆ ಬರಬಹುದು. ಉದ್ಯಮವೊಂದು ದುಡ್ಡು ಕೊಟ್ಟು, ಫಲಿತಾಂಶ ತನಗೊಬ್ಬನಿಗೇ ಬೇಕು ಅಂತ ಬರೆಸಿಕೊಂಡ ಸಂಶೋಧನೆ? ಕೆಲವು ಸಾಫ್ಟ್‌ವೇರ್ ಕಂಪನಿಗಳು ಬಿಡುತ್ತವೆ, ಕೆಲವು ಬಿಡುವುದಿಲ್ಲ, ಕೆಲವು ಅದಕ್ಕೆಂದೇ ಬೇರೆ ಲೈಸೆನ್ಸ್ ಮಾರುತ್ತವೆ.

ಕಂಪನಿ ತನ್ನ ಉದ್ಯೋಗಿಗಳಿಗೆ ತರಬೇತಿ ಕೊಟ್ಟರೆ ಅದು 'ಶಿಕ್ಷಣ'ವಾ? ಮಾತಿನ ಅರ್ಥದಲ್ಲಿ ಹೌದು, ಲೈಸೆನ್ಸ್ ಅರ್ಥದಲ್ಲಿ ಸಾಮಾನ್ಯವಾಗಿ ಅಲ್ಲ. ಶೈಕ್ಷಣಿಕ ಸಂಸ್ಥೆ ಅಂದರೆ ಮಾನ್ಯತೆ ಪಡೆದು, ಪದವಿ ಅಥವಾ ಅಂಥ ಪ್ರಮಾಣಪತ್ರ ಕೊಡುವ ಜಾಗ ಅಂತ ಷರತ್ತುಗಳಲ್ಲಿ ಬರೆದಿರುತ್ತದೆ. ಖಾಸಗಿ ಕೋಚಿಂಗ್ ಕೇಂದ್ರಗಳು ಎಡವುವುದೂ ಇಲ್ಲೇ. ಬೋರ್ಡಿನ ಮೇಲೆ 'ಅಕಾಡೆಮಿ' ಅಂತ ಬರೆಸಿದ ಮಾತ್ರಕ್ಕೆ ಅರ್ಹತೆ ಬರುವುದಿಲ್ಲ.

ವಿಡಿಯೊ ಪಾಠ ಮಾಡಿ ಜಾಹೀರಾತಿನಿಂದ ಸಂಪಾದಿಸುವವರ ವಿಷಯದಲ್ಲಿ ಮಾತ್ರ ಜೆಟ್‌ಬ್ರೇನ್ಸ್ ಸ್ವಲ್ಪ ಧಾರಾಳ ತೋರಿಸಿದೆ. ಅದರ ಹೊಸ ವಾಣಿಜ್ಯೇತರ ಲೈಸೆನ್ಸ್‌ನಲ್ಲಿ ಕಲಿಕೆ, ಹವ್ಯಾಸ, ಓಪನ್ ಸೋರ್ಸ್ (ಯಾರು ಬೇಕಾದರೂ ನೋಡಿ ಬದಲಿಸಬಹುದಾದ ಕೋಡ್) ಕೆಲಸದ ಜೊತೆಗೆ ಇಂಥ ವಿಡಿಯೊ, ಲೇಖನ ಮಾಡುವುದನ್ನೂ ಸೇರಿಸಿದೆ. ಇದೇ ಮಾತನ್ನು ಬೇರೆ ಕಂಪನಿಗೂ ಅನ್ವಯಿಸಿದರೆ ಎಡವುತ್ತೀರಿ. 'ವಾಣಿಜ್ಯೇತರ' ಅನ್ನುವ ಪದಕ್ಕೆ ಎಲ್ಲರೂ ಒಪ್ಪಿದ ಒಂದು ಅರ್ಥ ಅಂತ ಇಲ್ಲ. ಪ್ರತಿ ಕಂಪನಿ ತನ್ನದೇ ಅರ್ಥ ಬರೆದುಕೊಂಡಿದೆ.

ಗೊತ್ತಾಗುವುದು ಹೇಗೆ

ಯಾರು ನೋಡುತ್ತಾರೆ ಬಿಡಿ, ಅನ್ನುವ ಮಾತು ಹಳೆಯದು. ಫೈಲೇ ನೋಡುತ್ತದೆ.

ಆಟೋಕ್ಯಾಡ್‌ನ ವಿದ್ಯಾರ್ಥಿ ಆವೃತ್ತಿಯಲ್ಲಿ ಬಿಡಿಸಿದ ನಕ್ಷೆಯನ್ನು ಪ್ರಿಂಟ್ ಹಾಕಿದರೆ ಅಂಚಿನಲ್ಲಿ 'ಶೈಕ್ಷಣಿಕ ಉತ್ಪನ್ನದಿಂದ ತಯಾರಾದದ್ದು' ಅನ್ನುವ ಮುದ್ರೆ ಬೀಳುತ್ತಿದ್ದದ್ದು ಆ ಕ್ಷೇತ್ರದವರಿಗೆಲ್ಲ ಗೊತ್ತು. ಅದು ಅಂಟುಜಾಡ್ಯದ ಹಾಗೆ ಹರಡುತ್ತಿತ್ತು. ವಿದ್ಯಾರ್ಥಿ ಫೈಲಿನಿಂದ ಒಂದು ಬಾಗಿಲಿನ ಚಿತ್ರವನ್ನು ನಕಲು ಮಾಡಿ ಪೂರ್ತಿ ಬೆಲೆ ಕೊಟ್ಟ ಆಫೀಸಿನ ಫೈಲಿಗೆ ಅಂಟಿಸಿದರೂ ಸಾಕು, ಆ ಫೈಲಿಗೂ ಮುದ್ರೆ ಬೀಳುತ್ತಿತ್ತು. ಹೂಡಿನಿಯಲ್ಲಿ ಇನ್ನೂ ಕಟ್ಟುನಿಟ್ಟು. ವಾಣಿಜ್ಯೇತರ ಆವೃತ್ತಿ ಉಳಿಸುವ ಫೈಲಿನ ಬಗೆಯೇ ಬೇರೆ. ಅದನ್ನು ದುಬಾರಿ ಆವೃತ್ತಿಯಲ್ಲಿ ತೆರೆದರೆ ಫೈಲು ಮೇಲೇರುವುದಿಲ್ಲ, ಬದಲಿಗೆ ಇಡೀ ಆವೃತ್ತಿಯೇ ಆ ಹೊತ್ತಿಗೆ ವಾಣಿಜ್ಯೇತರ ಮಟ್ಟಕ್ಕೆ ಇಳಿಯುತ್ತದೆ.

ಕೋಡ್ ಬರೆಯುವ ಉಪಕರಣಗಳಲ್ಲಿ ಇಂಥ ಮುದ್ರೆ ಇರುವುದಿಲ್ಲ, ನಿಜ. ಯಾವ ಎಡಿಟರ್‌ನಲ್ಲಿ ಬರೆದರೂ ಅಕ್ಷರ ಅಕ್ಷರವೇ. ಆದರೆ ಲಾಗಿನ್ ಇರುತ್ತದೆ. ಕಾಲೇಜಿನ ಇಮೇಲ್ ಖಾತೆ ದಿನವೂ ಕಂಪನಿಯ ನೆಟ್‌ವರ್ಕ್‌ನಿಂದ ತೆರೆಯುತ್ತಿದ್ದರೆ ಅದು ಸರ್ವರ್‌ನಲ್ಲಿ ದಾಖಲಾಗಿರುತ್ತದೆ. ಲೈಸೆನ್ಸ್ ಉಲ್ಲಂಘನೆ ಹುಡುಕುವುದನ್ನೇ ಕಸುಬು ಮಾಡಿಕೊಂಡ ಸೇವೆಗಳಿವೆ. ದೊಡ್ಡ ಒಪ್ಪಂದಗಳಲ್ಲಿ ಆಡಿಟ್, ಅಂದರೆ ಬಳಕೆಯ ತಪಾಸಣೆ, ಮಾಡುವ ಹಕ್ಕನ್ನು ಮಾರುವವರು ಮೊದಲೇ ಬರೆದಿಟ್ಟುಕೊಂಡಿರುತ್ತಾರೆ. ಇದೆಲ್ಲಕ್ಕಿಂತ ಸರಳ ದಾರಿ ಅಂದರೆ ಸಿಟ್ಟಾಗಿ ಕೆಲಸ ಬಿಟ್ಟ ಉದ್ಯೋಗಿ. 1988ರಲ್ಲಿ ಶುರುವಾದ ಬಿಎಸ್ಎ ಅನ್ನುವ ಸಾಫ್ಟ್‌ವೇರ್ ಕಂಪನಿಗಳ ಒಕ್ಕೂಟ ಇಂಥ ದೂರುಗಳನ್ನು ಗುಟ್ಟಾಗಿ ಪಡೆಯುತ್ತದೆ, ದೂರು ಕೊಟ್ಟವರಿಗೆ ಬಹುಮಾನದ ಆಸೆಯನ್ನೂ ತೋರಿಸಿದೆ.

ಸಿಕ್ಕಿಬಿದ್ದರೆ

ಕಾನೂನಿನ ಕಡೆಯಿಂದ ನೋಡಿದರೆ ಎರಡು ಮಟ್ಟ ಇವೆ. ಒಂದು ಬರೀ ಒಪ್ಪಂದ ಮುರಿದದ್ದು. ಇನ್ನೊಂದು ಕೃತಿಸ್ವಾಮ್ಯದ ಉಲ್ಲಂಘನೆ. ಯಾವ ಷರತ್ತು ಮುರಿದರೆ ಯಾವುದು ಅನ್ನುವುದು ಸಣ್ಣ ವಿಷಯವಲ್ಲ. 2010ರಲ್ಲಿ ಬ್ಲಿಝಾರ್ಡ್ ಆಟದ ಪ್ರಕರಣವೊಂದರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟು, ನಿಯಮ ಮುರಿದದ್ದೆಲ್ಲ ಕೃತಿಸ್ವಾಮ್ಯದ ಉಲ್ಲಂಘನೆ ಆಗುವುದಿಲ್ಲ, ಮುರಿದ ಷರತ್ತಿಗೂ ನಕಲು ಮಾಡುವಂಥ ಕೃತಿಸ್ವಾಮ್ಯದ ಹಕ್ಕಿಗೂ ನಂಟು ಇರಬೇಕು ಅಂತ ಗೆರೆ ಎಳೆಯಿತು. ಅರ್ಹತೆಯೇ ಇಲ್ಲದ ಕಂಪನಿ ಸುಳ್ಳು ಹೇಳಿ ಇನ್‌ಸ್ಟಾಲ್ ಮಾಡಿಕೊಂಡರೆ ಅದಕ್ಕೆ ಅನುಮತಿಯೇ ಇರಲಿಲ್ಲ ಅಂತ ವಾದಿಸುವುದು ಸುಲಭ. ನಿಜವಾದ ವಿದ್ಯಾರ್ಥಿ ಒಂದು ಸಣ್ಣ ದುಡ್ಡಿನ ಕೆಲಸ ಮಾಡಿದರೆ ವಾದ ಅಷ್ಟು ಸಲೀಸಲ್ಲ. ಅಮೆರಿಕದ ಕಾನೂನಿನಲ್ಲಿ ಬೇಕೆಂದೇ ಮಾಡಿದ ಕೃತಿಸ್ವಾಮ್ಯ ಉಲ್ಲಂಘನೆಗೆ ಒಂದೊಂದು ಕೃತಿಗೆ 1,50,000 ಡಾಲರ್‌ವರೆಗೆ ಪರಿಹಾರ ಹೇರಬಹುದು. ಒಪ್ಪಂದ ಮುರಿದದ್ದಕ್ಕೆ ಅಂಥ ಭಾರೀ ಮೊತ್ತ ಸಾಮಾನ್ಯವಾಗಿ ಬರುವುದಿಲ್ಲ.

ಆದರೆ ಕೋರ್ಟಿನವರೆಗೆ ಹೋಗುವುದು ಅಪರೂಪ. ಮೊದಲು ಒಂದು ಕಾಗದ ಬರುತ್ತದೆ. ಆಮೇಲೆ ಎಷ್ಟು ಕಂಪ್ಯೂಟರಿನಲ್ಲಿ ಎಷ್ಟು ದಿನದಿಂದ ಅಂತ ಲೆಕ್ಕ ಕೇಳುತ್ತಾರೆ. ಕೊನೆಗೆ ಪೂರ್ತಿ ಬೆಲೆಯ ಲೈಸೆನ್ಸ್, ಹಿಂದಿನ ಬಾಕಿ, ಮೇಲೊಂದಿಷ್ಟು ದಂಡ ಸೇರಿಸಿ ರಾಜಿ ಆಗುತ್ತದೆ. ಖಾತೆ ರದ್ದಾದರೆ ಇನ್ನೂ ಕಷ್ಟ. ಯೋಜನೆಯ ನಡುವೆ ಫೈಲು ತೆರೆಯದಿದ್ದರೆ ಗ್ರಾಹಕನಿಗೆ ಏನು ಹೇಳುತ್ತೀರಿ? ಸ್ಟಾರ್ಟಪ್‌ಗಳಿಗೆ ಪೆಟ್ಟು ಬೀಳುವುದು ಬೇರೆ ಹೊತ್ತಿನಲ್ಲಿ. ಹೂಡಿಕೆದಾರರು ಅಥವಾ ಕಂಪನಿ ಕೊಳ್ಳುವವರು ದಾಖಲೆ ಪರಿಶೀಲಿಸುವಾಗ ಲೈಸೆನ್ಸ್ ಪಟ್ಟಿ ಕೇಳುತ್ತಾರೆ. ಮೂರು ವರ್ಷ ಕಾಲೇಜಿನ ಖಾತೆಯಲ್ಲಿ ಉತ್ಪನ್ನ ಕಟ್ಟಿದ್ದು ಅಲ್ಲಿ ಹೊರಬಂದರೆ ಮಾತುಕತೆಯೇ ತಣ್ಣಗಾಗಬಹುದು.

ಒಂದು ಭಯ ಮಾತ್ರ ಸುಮ್ನೆ. ವಿದ್ಯಾರ್ಥಿ ಲೈಸೆನ್ಸ್‌ನಲ್ಲಿ ಮಾಡಿದ ಚಿತ್ರ, ಕೋಡ್, ನಕ್ಷೆ ಸಾಫ್ಟ್‌ವೇರ್ ಕಂಪನಿಯ ಸ್ವತ್ತಾಗಿಬಿಡುತ್ತದೆ ಅಂತ ಕೆಲವರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ತಪ್ಪಿದ್ದರೆ ಅದು ಉಪಕರಣ ಬಳಸಿದ ರೀತಿಯಲ್ಲಿ, ಕೃತಿಯ ಒಡೆತನ ಅದರಿಂದ ಬದಲಾಗುವುದಿಲ್ಲ.

ಇದರ ಬಿಸಿ ತಟ್ಟುವುದು ಸಿಕ್ಕಿಬಿದ್ದವರಿಗೆ ಮಾತ್ರವಲ್ಲ. ದುರ್ಬಳಕೆ ಹೆಚ್ಚಿದಷ್ಟೂ ಪರಿಶೀಲನೆ ಬಿಗಿಯಾಗುತ್ತದೆ. ಆಟೋಡೆಸ್ಕ್‌ನಲ್ಲಿ ಮೊದಲು ಒಮ್ಮೆಗೆ ಮೂರು ವರ್ಷಕ್ಕೆ ಸಿಗುತ್ತಿದ್ದ ಲೈಸೆನ್ಸ್ ಈಗ ಒಂದೊಂದೇ ವರ್ಷಕ್ಕೆ, ಪ್ರತಿ ಸಲ ಅರ್ಹತೆ ತೋರಿಸಬೇಕು. ಬರೀ ಇಮೇಲ್ ಸಾಕಾಗುತ್ತಿದ್ದ ಕಡೆ ಈಗ ದಾಖಲೆಯ ಫೋಟೊ ಕೇಳುತ್ತಾರೆ. ತನ್ನದೇ ಹೆಸರಿನ ಇಮೇಲ್ ವಿಳಾಸ ಕೊಡದ ಸಣ್ಣ ಕಾಲೇಜಿನ ನಿಜವಾದ ವಿದ್ಯಾರ್ಥಿ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ.

ಓದು ಮುಗಿಯುವ ದಿನ

ಸಣ್ಣ ಕಂಪನಿಗೆ ದಾರಿಗಳು ಇಲ್ಲದೇ ಇಲ್ಲ. ಆದಾಯದ ಮಿತಿಯ ಯೋಜನೆಗಳನ್ನು ಮೇಲೆ ಹೇಳಿದ್ದೇನೆ. ಸ್ಟಾರ್ಟಪ್‌ಗಳಿಗೆ ಅಂತಲೇ ರಿಯಾಯಿತಿ ಕೊಡುವವರಿದ್ದಾರೆ. ವರ್ಷದಲ್ಲಿ ಎರಡು ತಿಂಗಳು ಮಾತ್ರ ಬೇಕಾದ ಸಾಫ್ಟ್‌ವೇರನ್ನು ಆ ಎರಡು ತಿಂಗಳಿಗೆ ಮಾತ್ರ ಚಂದಾ ಕಟ್ಟಿ ಪಡೆಯಬಹುದು. ಬ್ಲೆಂಡರ್, ಫ್ರೀಕ್ಯಾಡ್, ಲಿಬ್ರೆಆಫೀಸ್ ತರಹದ ಓಪನ್ ಸೋರ್ಸ್ ಸಾಫ್ಟ್‌ವೇರಿಗಂತೂ ಈ ಪ್ರಶ್ನೆಯೇ ಬರುವುದಿಲ್ಲ. ಓಪನ್ ಸೋರ್ಸ್ ವ್ಯಾಖ್ಯಾನದ ಆರನೆಯ ಅಂಶವೇ ಯಾವ ಕ್ಷೇತ್ರದ ಬಳಕೆಯನ್ನೂ, ವ್ಯಾಪಾರವನ್ನೂ ಸೇರಿಸಿ, ತಡೆಯುವಂತಿಲ್ಲ ಅನ್ನುತ್ತದೆ.

ನಿಜವಾದ ತೊಡಕು ಬರುವುದು ವಿದ್ಯಾರ್ಥಿ ವೃತ್ತಿಗೆ ಕಾಲಿಡುವ ಹೊತ್ತಿನಲ್ಲಿ. ಜೆಟ್‌ಬ್ರೇನ್ಸ್ ಪದವಿ ಮುಗಿಸಿದವರಿಗೆ ಅಂತ ರಿಯಾಯಿತಿ ಇಟ್ಟಿದೆ. ರೈನೋದಲ್ಲಿ ಕಾಪಿ ಹಾಗೇ ಮುಂದುವರಿಯುತ್ತದೆ. ಮುದ್ರೆ ಬೀಳುವ ಸಾಫ್ಟ್‌ವೇರಾದರೆ ಕಾಲೇಜಿನ ಹಳೆಯ ಫೈಲುಗಳನ್ನು ಹೊಸ ಕೆಲಸದ ಫೋಲ್ಡರಿಗೆ ಸೇರಿಸದೆ ಬೇರೆಯೇ ಇಡುವುದು ಒಳ್ಳೆಯದು.

ಇನ್ನೂ ಅನುಮಾನ ಇದ್ದರೆ ಮಾರುವವರನ್ನೇ ಕೇಳಿ, ಆದರೆ ಪ್ರಶ್ನೆ ನೇರವಾಗಿರಲಿ. 'ವಾಣಿಜ್ಯ ಬಳಕೆ ಸರಿಯಾ' ಅಂತ ಕೇಳಿದರೆ ಷರತ್ತಿನ ಕೊಂಡಿ ಕಳಿಸಿ ಕೈತೊಳೆದುಕೊಳ್ಳುತ್ತಾರೆ. 'ನಾನು ಇಂಥ ಕಡೆ ಓದುತ್ತಿದ್ದೇನೆ, ಲೈಸೆನ್ಸ್ ನನ್ನ ಹೆಸರಲ್ಲಿದೆ, ಇಂಥ ಕೆಲಸವನ್ನು ಗ್ರಾಹಕರೊಬ್ಬರಿಗೆ ಮಾಡಿಕೊಟ್ಟರೆ ದುಡ್ಡು ಬರುತ್ತದೆ, ಈ ಲೈಸೆನ್ಸ್ ಸಾಕಾ, ಇಲ್ಲದಿದ್ದರೆ ಯಾವುದು ಬೇಕು' ಅಂತ ಬರೆಯಿರಿ. ಫೋನಿನಲ್ಲಿ ಹೇಳಿದ್ದನ್ನು ನೆಚ್ಚಿಕೊಳ್ಳಬೇಡಿ. ಉತ್ತರ ಬಂದ ಇಮೇಲನ್ನು ಬಿಲ್ಲುಗಳ ಜೊತೆ ತೆಗೆದಿಡಿ.